ಸಕ್ಕರೆ ಬಟ್ಟಲಿನಿಂದ ಕಾಫಿ ಪೊಟ್ಟಣದವರೆಗೆ: ನ್ಯಾಯದ ಠಸ್ಸೆಯ ಚರಿತ್ರೆ

ಇಂಗ್ಲೆಂಡಿನ ಮನೆಗಳಲ್ಲಿ 1820ರ ದಶಕದಲ್ಲಿ ಒಂದು ಹೊಸ ಥರದ ಸಕ್ಕರೆ ಬಟ್ಟಲು ಕಾಣಿಸಿಕೊಂಡಿತು. ಕೆಲವು ಪಿಂಗಾಣಿಯವು, ಕೆಲವು ನೀಲಿ ಗಾಜಿನವು. ಬಟ್ಟಲಿನ ಮೇಲೆ ಅಕ್ಷರ ಬರೆದಿತ್ತು: ಇದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ. ಆರು ಸಂಸಾರಗಳು ವೆಸ್ಟ್ ಇಂಡೀಸಿನ ಸಕ್ಕರೆ ಬಿಟ್ಟು ಈ ಸಕ್ಕರೆ ತಿಂದರೆ ಅಲ್ಲಿ ಒಬ್ಬ ಗುಲಾಮ ಕಡಿಮೆ ಸಾಕಾಗ್ತಾನೆ ಅನ್ನೋ ಲೆಕ್ಕವೂ ಕೆಲವು ಬಟ್ಟಲುಗಳ ಮೇಲಿತ್ತು. ತಿನ್ನುವ ಪದಾರ್ಥದ ಮೇಲೆ ನ್ಯಾಯದ ಠಸ್ಸೆ ಒತ್ತಿ ಮಾರಿದ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು.

ಈಸ್ಟ್ ಇಂಡಿಯಾ ಅಂದರೆ ನಮ್ಮ ದೇಶ. ಅದೇ ವರ್ಷಗಳಲ್ಲಿ ಮಲಬಾರಿನಲ್ಲಿ ಪುಲಯರನ್ನು ಮಾರುತ್ತಿದ್ದರು, ಒತ್ತೆ ಇಡುತ್ತಿದ್ದರು, ದನದ ಹಾಗೆ ಬಾಡಿಗೆಗೂ ಕೊಡುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಹುಟ್ಟಿನಿಂದಲೇ ಒಂದು ಮನೆತನಕ್ಕೆ ಕಟ್ಟುಬಿದ್ದ ಹೊಲೆಯನಿಗೆ ‘ಮೂಲದಾಳು’ ಅನ್ನೋ ಹೆಸರಿತ್ತು. ಲಂಡನ್ನಿನ ಟೀ ಮೇಜಿನ ಮೇಲೆ ಮಾತ್ರ ಇಂಡಿಯಾ ಗುಲಾಮರಿಲ್ಲದ ದೇಶ ಆಗಿಬಿಟ್ಟಿತ್ತು.

ಇವತ್ತು ಕಾಫಿ, ಟೀ, ಚಾಕೊಲೇಟು, ಬಾಳೆಹಣ್ಣು, ಸಕ್ಕರೆ ಇವುಗಳ ಮೇಲೆ ‘ಫೇರ್ ಟ್ರೇಡ್’ ಅಂತ ಠಸ್ಸೆ ಬೀಳುತ್ತೆ. ಬೆಳೆದವನಿಗೆ ನ್ಯಾಯವಾದ ಬೆಲೆ ಸಿಕ್ಕಿದೆ ಅಂತ ಅದರ ಅರ್ಥ. ಈ ಠಸ್ಸೆಗೆ ನಾಲ್ಕು ಕಾಸು ಹೆಚ್ಚು ಕೊಡಬಹುದೆ, ಅದು ಬರೀ ಕಣ್ಣೊರೆಸುವ ತಂತ್ರವೆ ಅಂತ ಕೊಳ್ಳುವವರು ಕೇಳ್ತಾರೆ. ನಾವು ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕು. ಠಸ್ಸೆ ಒತ್ತುವಾಗ ಗಿಡದ ಬುಡದಲ್ಲಿ ನಿಂತ ಕೂಲಿಯನ್ನು ಯಾರಾದರೂ ಮಾತಾಡಿಸಿದರೆ? ಇದಕ್ಕೆ ಉತ್ತರ ಠಸ್ಸೆಯ ಮೇಲೆ ಸಿಗೋದಿಲ್ಲ, ಅದರ ಚರಿತ್ರೆಯಲ್ಲಿ ಸಿಗುತ್ತೆ.

*

1791ರ ಏಪ್ರಿಲ್‌ನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂಬ ವಿಲ್ಬರ್‌ಫೋರ್ಸ್‌ನ ಪ್ರಯತ್ನ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 163ಕ್ಕೆ 88 ಮತಗಳಿಂದ ಬಿದ್ದುಹೋಯಿತು. ಪಾರ್ಲಿಮೆಂಟು ಕೈಬಿಟ್ಟಿದ್ದನ್ನು ಜನ ಕೈಗೆತ್ತಿಕೊಂಡರು. ಅದೇ ವರ್ಷ ವಿಲಿಯಂ ಫಾಕ್ಸ್ ಅನ್ನುವವನು ಒಂದು ಸಣ್ಣ ಪುಸ್ತಿಕೆ ಬರೆದ. ವೆಸ್ಟ್ ಇಂಡೀಸಿನ ಸಕ್ಕರೆ, ರಮ್ ಎರಡನ್ನೂ ಬಿಡಿ, ಕೊಳ್ಳುವವನೂ ಆ ಕೊಲೆಯಲ್ಲಿ ಪಾಲುಗಾರ ಅನ್ನುವುದು ಅದರ ವಾದ. ವಾರಕ್ಕೆ 5 ಪೌಂಡು ಸಕ್ಕರೆ ತಿನ್ನುವ ಸಂಸಾರ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಉಳಿಯುತ್ತಾನೆ ಅಂತ ಲೆಕ್ಕ ಹಾಕಿ ತೋರಿಸಿದ. ಪುಸ್ತಿಕೆ ಮೇಲಿಂದ ಮೇಲೆ ಅಚ್ಚಾಯಿತು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟಿದ್ದರು ಅಂತ ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದ.

ಸಕ್ಕರೆ ಬಿಡಿಸಿದವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರಿಗೆ ಮತದ ಹಕ್ಕಿರಲಿಲ್ಲ, ಆದರೆ ಅಡುಗೆಮನೆ ಅವರ ಕೈಲಿತ್ತು. 1824ರಲ್ಲಿ ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್, ಗುಲಾಮಗಿರಿ ನಿಧಾನಕ್ಕೆ ಹೋಗಲಿ ಅನ್ನೋ ದೊಡ್ಡ ಮನುಷ್ಯರ ಮಾತನ್ನು ತಿರಸ್ಕರಿಸಿ, ಈಗಲೇ ತೊಲಗಬೇಕು ಅಂತ ಬರೆದಳು. ಮನೆಮನೆಗೆ ಹೋಗಿ ಆ ಸಕ್ಕರೆ ಕೊಳ್ಳಬೇಡಿ ಅಂದಳು. ದೂರದ ದೇಶದಲ್ಲಿ ಬೆವರು ಸುರಿಸಿದವನಿಗೂ ತನ್ನ ಬಟ್ಟಲಿಗೂ ಸಂಬಂಧ ಇದೆ ಅಂತ ಸಾಮಾನ್ಯ ಜನಕ್ಕೆ ಕಾಣಿಸಿದ್ದು ಸಣ್ಣ ಸಂಗತಿಯಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಈಸ್ಟ್ ಇಂಡಿಯಾ ಸಕ್ಕರೆಯ ಪರ ಬಲವಾಗಿ ವಾದಿಸಿದವರಲ್ಲಿ ಒಬ್ಬ ಲಿವರ್‌ಪೂಲಿನ ವರ್ತಕ ಜೇಮ್ಸ್ ಕ್ರಾಪರ್. ಅವನು ಗುಲಾಮಗಿರಿಯನ್ನು ಮನಸಾರೆ ದ್ವೇಷಿಸಿದವನು, ಸುಳ್ಳಲ್ಲ. ಜೊತೆಗೇ ಇಂಡಿಯಾದಿಂದ ಸಕ್ಕರೆ ತರಿಸಿ ಮಾರುವ ದೊಡ್ಡ ವ್ಯಾಪಾರಿಯೂ ಅವನೇ. ಆಗ ಇಂಡಿಯಾದ ಸಕ್ಕರೆಗೆ ವೆಸ್ಟ್ ಇಂಡೀಸಿನದಕ್ಕಿಂತ ಹೆಚ್ಚು ಸುಂಕ ಇತ್ತು. ಅದು ಸಮ ಆಗಬೇಕು ಅಂತ ಅವನ ಹೋರಾಟ. 1836ರಲ್ಲಿ ಸಮ ಆಯಿತು. ಧರ್ಮವೂ ಲಾಭವೂ ಒಂದೇ ಹಡಗಿನಲ್ಲಿ ಬಂದವು. ಹಾಗೆ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳದೆ ಬಿಟ್ಟುಬಿಡುವುದು ಸುಲಭ.

ಕೇಳದೆ ಬಿಟ್ಟ ಪ್ರಶ್ನೆ ಇಂಡಿಯಾದ ಆಳುಗಳದ್ದು. ಬಂಗಾಳ, ಬಿಹಾರದ ಕಬ್ಬು ಹೆಚ್ಚಾಗಿ ರೈತರ ಗದ್ದೆಯಲ್ಲಿ ಬೆಳೆದದ್ದು. ಆದ್ದರಿಂದ ಬಟ್ಟಲಿನ ಅಕ್ಷರ ಪೂರ್ತಿ ಸುಳ್ಳು ಅನ್ನೋಕಾಗಲ್ಲ. ಆದರೆ ಬಿಹಾರದಲ್ಲಿ ಸಾಲಕ್ಕೆ ಕಟ್ಟುಬಿದ್ದು ತಲೆತಲಾಂತರ ದುಡಿಯುವ ‘ಕಮಿಯಾ’ ಆಳುಗಳಿದ್ದರು. ರೈತನ ನೇಗಿಲು ಯಾರ ಕೈಲಿದೆ ಅಂತ ಬಟ್ಟಲು ಮಾಡಿದವರು ವಿಚಾರಿಸಲಿಲ್ಲ. ಗೊತ್ತಾಗುವ ದಾರಿ ಇರಲಿಲ್ಲವೆ ಅಂದರೆ ಇತ್ತು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬರೆದ ಪುಸ್ತಕ 1807ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಮಲಬಾರಿನಲ್ಲಿ ಆಳುಗಳನ್ನು ಮಾರುವ, ಅಡ ಇಡುವ, ಗೇಣಿಗೆ ಕೊಡುವ ಕ್ರಮವನ್ನು ಅವನು ವಿವರವಾಗಿ ಬರೆದಿದ್ದ. 1828ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಇಂಡಿಯಾದ ಗುಲಾಮಗಿರಿ ಬಗ್ಗೆ ದಪ್ಪ ಕಡತ ಅಚ್ಚು ಹಾಕಿಸಿತ್ತು. ವೆಸ್ಟ್ ಇಂಡೀಸಿನ ತೋಟದ ಧಣಿಗಳು, ನಮ್ಮನ್ನು ಬೈತೀರಲ್ಲ, ನಿಮ್ಮ ಇಂಡಿಯಾದಲ್ಲಿ ಏನಿದೆ ಅಂತ ಕೇಳ್ತಾನೂ ಇದ್ದರು. ಅಲ್ಲಿಯದು ಮನೆಯಾಳುಗಳ ಗುಲಾಮಗಿರಿ, ಸೌಮ್ಯವಾದದ್ದು ಅಂತ ಉತ್ತರ ಬರುತ್ತಿತ್ತು. ಜಾತಿಯ ಕ್ರೌರ್ಯವನ್ನು ‘ಸೌಮ್ಯ’ ಅಂತ ಕರೆಯುವ ಚಾಳಿ ನಮ್ಮವರದ್ದು ಮಾತ್ರ ಅಲ್ಲ.

ಸೌಮ್ಯ ಅಂದರೆ ಎಂಥದ್ದು? ಈಗಿನ ಕಣ್ಣೂರು ಜಿಲ್ಲೆಯ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಒಂದು ತೋಟ ಶುರು ಮಾಡಿತ್ತು. ಮೆಣಸು, ಕಾಫಿ, ದಾಲ್ಚಿನ್ನಿ. ಆಮೇಲೆ ಅದು ಮರ್ಡಾಕ್ ಬ್ರೌನ್ ಅನ್ನುವವನ ಕೈಗೆ ಹೋಯಿತು. ತಿರುವಾಂಕೂರಿನ ಕಡೆಯಿಂದ ಮಕ್ಕಳೂ ಸೇರಿದಂತೆ ಕದ್ದು ತಂದ ಜನರನ್ನು ಅವನು ಕೊಂಡು ಆ ತೋಟದಲ್ಲಿ ದುಡಿಸುತ್ತಿದ್ದ. 1811ರ ಹೊತ್ತಿಗೆ ಥಾಮಸ್ ಬೇಬರ್ ಅನ್ನುವ ಕಂಪನಿ ಅಧಿಕಾರಿ ವಿಚಾರಣೆ ನಡೆಸಿ ಅವರಲ್ಲಿ ಹಲವರನ್ನು ಬಿಡಿಸಿದ. ತನಗೆ ಕಂಪನಿಯ ಒಪ್ಪಿಗೆಯೇ ಇತ್ತು ಅಂತ ಬ್ರೌನ್ ವಾದ ಹೂಡಿದ. ಇಂಗ್ಲೆಂಡು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ ಅನ್ನೋದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

*

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದಿತು. ಸುಮಾರು 8 ಲಕ್ಷ ಜನ ಬಿಡುಗಡೆಯಾದರು. ಧಣಿಗಳಿಗೆ 2 ಕೋಟಿ ಪೌಂಡು ಪರಿಹಾರ ಸಿಕ್ಕಿತು. ದುಡಿದು ಸತ್ತವರಿಗೆ, ಬದುಕುಳಿದವರಿಗೆ ಒಂದು ಪೈಸೆಯೂ ಇಲ್ಲ. ಬಿಡುಗಡೆಯನ್ನು ತಂದದ್ದು ಸಕ್ಕರೆ ಬಿಟ್ಟವರು ಮಾತ್ರ ಅಂತ ತಿಳಿಯಬಾರದು. ಫಾಕ್ಸ್ ಪುಸ್ತಿಕೆ ಬರೆದ 1791ರಲ್ಲೇ ಫ್ರೆಂಚರ ಸಾಂ ದೊಮಿಂಗ್ ವಸಾಹತಿನ ಗುಲಾಮರು ದಂಗೆ ಎದ್ದರು. 1804ರಲ್ಲಿ ಅದು ಹೈಟಿ ಅನ್ನೋ ಸ್ವತಂತ್ರ ದೇಶವಾಯಿತು. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಸಾವಿರಾರು ಗುಲಾಮರು ಕೆಲಸ ನಿಲ್ಲಿಸಿ ಬಂಡೆದ್ದರು. ಬಟ್ಟಲಿನ ಮೇಲೆ ಅವರ ಹೆಸರಿಲ್ಲ.

ಆ 1833ರ ಕಾಯ್ದೆಯಲ್ಲೇ ಒಂದು ಕಲಮು ಇದೆ: ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಇದು ಅನ್ವಯಿಸೋದಿಲ್ಲ. ಸಕ್ಕರೆಯ ಠಸ್ಸೆಯಲ್ಲಿ ಗುಲಾಮರಿಲ್ಲದ ದೇಶ ಎನಿಸಿಕೊಂಡದ್ದು ಬಿಡುಗಡೆಯ ಕಾನೂನಿನಿಂದ ಹೊರಗುಳಿಯಿತು. ಕಂಪನಿ ಆಳ್ವಿಕೆಯ ಇಂಡಿಯಾದಲ್ಲಿ 1841ರಲ್ಲಿ 80ರಿಂದ 90 ಲಕ್ಷ ಗುಲಾಮರಿದ್ದರು ಅಂತ ಬಾರ್ಟಲ್ ಫ್ರಿಯರ್ ಆಮೇಲೆ ಅಂದಾಜು ಮಾಡಿದ. ವೆಸ್ಟ್ ಇಂಡೀಸಿನಲ್ಲಿ ಬಿಡುಗಡೆಯಾದವರ ಹತ್ತು ಪಟ್ಟು!

1843ರ 5ನೇ ಕಾಯ್ದೆ ಬಂತು. ಒಬ್ಬ ಮನುಷ್ಯ ತನ್ನ ಆಸ್ತಿ ಅಂತ ಹೇಳಿಕೊಂಡು ಬಂದವನ ಮಾತನ್ನು ಕೋರ್ಟು ಇನ್ನು ಕೇಳೋದಿಲ್ಲ ಅನ್ನುವುದಷ್ಟೇ ಅದರ ಸಾರ. ಭೂಮಿ ಇಲ್ಲ, ಮನೆ ಇಲ್ಲ, ಕೂಲಿಯ ದರ ಇಲ್ಲ. ಬಿಡುಗಡೆಯಾದವನು ಎಲ್ಲಿಗೆ ಹೋಗಬೇಕು? ಅದೇ ಧಣಿಯ ಜಗಲಿಯ ಕೆಳಗೆ ನಿಂತು ಸಾಲ ಕೇಳಬೇಕು. ಗುಲಾಮ ಹೋಗಿ ಜೀತದಾಳು ಬಂದ.

ತೋಟಗಳಿಗೆ ಈ ಹೊಸ ಆಳೇ ಅನುಕೂಲವಾದ. ಬ್ರಿಟಿಷರು ಕೊಡಗನ್ನು ತಮ್ಮ ಆಡಳಿತಕ್ಕೆ ಸೇರಿಸಿಕೊಂಡದ್ದು 1834ರಲ್ಲಿ. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಯಿತು. ಮೈಸೂರು ಸೀಮೆಯ ಬಯಲು ಹಳ್ಳಿಗಳಿಂದ ಕೂಲಿಗಳನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟ ಹತ್ತಿಸಿದರು. 1859ರ 13ನೇ ಕಾಯ್ದೆ ಪ್ರಕಾರ ಮುಂಗಡ ತಗೊಂಡು ಕೆಲಸ ಬಿಟ್ಟು ಹೋದವನನ್ನು ಜೈಲಿಗೆ ಕಳಿಸಬಹುದಿತ್ತು. ಸಾಲ ತೀರಿಸದ ಸಾಹುಕಾರನ ಮೇಲೆ ಸಿವಿಲ್ ದಾವೆ, ಮುಂಗಡ ತೀರಿಸದ ಕೂಲಿಗೆ ಸೆರೆಮನೆ. ಆ ಕಾಯ್ದೆ ರದ್ದಾದದ್ದು 1925ರಲ್ಲಿ. ಕೊಡಗಿನ ಪಕ್ಕದ ವಯನಾಡಿನಲ್ಲಿ ವಳ್ಳಿಯೂರುಕಾವು ಜಾತ್ರೆಯ ದಿನ ದೇವಿಯ ಮುಂದೆ ಪಣಿಯ, ಅಡಿಯ ಆಳುಗಳನ್ನು ಒಂದು ವರ್ಷಕ್ಕೆ ಗೊತ್ತು ಮಾಡಿಕೊಳ್ಳುವ ಪದ್ಧತಿ 1970ರ ದಶಕದವರೆಗೂ ಇತ್ತು. ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ.

*

ಈಗ ಇವತ್ತಿನ ಠಸ್ಸೆಗೆ ಬರೋಣ. 1968ರಲ್ಲಿ ದೆಹಲಿಯಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ನಡೆಯಿತು. ನಮಗೆ ದಾನ ಬೇಡ, ನಮ್ಮ ಮಾಲಿಗೆ ಸರಿಯಾದ ಬೆಲೆ ಕೊಡಿ ಅನ್ನೋದು ಬಡದೇಶಗಳ ಕೂಗು. ಅದೇ ವರ್ಷ ಹಾಲೆಂಡಿನ ತರುಣರು ಬಡದೇಶಗಳ ಕಬ್ಬಿನ ಸಕ್ಕರೆ ಮಾರುವ ಚಳವಳಿ ಶುರು ಮಾಡಿದರು. ಮತ್ತೆ ಸಕ್ಕರೆ!

ಠಸ್ಸೆ ಬಂದದ್ದು 1988ರಲ್ಲಿ, ಹಾಲೆಂಡಿನಲ್ಲೇ. ಮೆಕ್ಸಿಕೋದ ಒಹಾಕಾ ಗುಡ್ಡಗಳಲ್ಲಿ ಆದಿವಾಸಿ ಕಾಫಿ ಬೆಳೆಗಾರರು ದಲ್ಲಾಳಿಗಳ ಕಾಟ ತಾಳಲಾರದೆ ‘ಉಸಿರಿ’ ಅನ್ನೋ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಅವರ ನಡುವೆ ಬದುಕುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್, ಹಾಲೆಂಡಿನ ನಿಕೋ ರೋಜನ್ ಇಬ್ಬರೂ ಸೇರಿ ಆ ಕಾಫಿಯನ್ನು ಮಾಮೂಲಿ ಅಂಗಡಿಗಳಿಗೆ ತಲುಪಿಸುವ ದಾರಿ ಹುಡುಕಿದರು. ಠಸ್ಸೆಗೆ ಇಟ್ಟ ಹೆಸರು ‘ಮ್ಯಾಕ್ಸ್ ಹಾವೆಲಾರ್’. 1860ರಲ್ಲಿ ಮುಲ್ತಾತುಲಿ ಬರೆದ ಡಚ್ ಕಾದಂಬರಿಯ ಹೆಸರು ಅದು. ಜಾವಾದ ರೈತರಿಂದ ಡಚ್ ಸರ್ಕಾರ ಬಲವಂತವಾಗಿ ಬೆಳೆ ಬೆಳೆಸಿ ದೋಚುತ್ತಿದ್ದುದನ್ನು ಬಯಲು ಮಾಡಿದ ಪುಸ್ತಕ. 1997ರಲ್ಲಿ ಬೇರೆ ಬೇರೆ ದೇಶಗಳ ಇಂಥ ಠಸ್ಸೆಗಳು ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕೆಳಗೆ ಸೇರಿದವು.

ಇದು ನಡೆಯೋದು ಹೀಗೆ. ಮಾರುಕಟ್ಟೆ ಎಷ್ಟೇ ಬೀಳಲಿ, ಒಂದು ಕನಿಷ್ಠ ಬೆಲೆಗಿಂತ ಕೆಳಗೆ ಕೊಳ್ಳುವ ಹಾಗಿಲ್ಲ. ಅದರ ಮೇಲೆ ಸಂಘಕ್ಕೆ ಇಂತಿಷ್ಟು ಅಂತ ಹೆಚ್ಚುವರಿ ಹಣ. ಅದನ್ನು ಶಾಲೆಗೋ ರಸ್ತೆಗೋ ಗೊಬ್ಬರಕ್ಕೋ ಅಂತ ಸಂಘದವರೇ ಕೂತು ತೀರ್ಮಾನ ಮಾಡಬೇಕು. ಕಾಫಿಯಲ್ಲಿ ಈ ಠಸ್ಸೆ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ, ದೊಡ್ಡ ಎಸ್ಟೇಟುಗಳಿಗೆ ಇಲ್ಲ. ಟೀ, ಹೂವು, ಬಾಳೆಯಲ್ಲಿ ಎಸ್ಟೇಟುಗಳಿಗೂ ಉಂಟು. 2011ರಲ್ಲಿ ಅಮೆರಿಕದ ಶಾಖೆ ಕಾಫಿ ಎಸ್ಟೇಟಿಗೂ ಕೊಡ್ತೀವಿ ಅಂತ ಮೂಲ ಸಂಸ್ಥೆಯಿಂದ ಹೊರಗೆ ಹೋಯಿತು. ತಪಾಸಣೆಯವರು ಬಂದು ನೋಡಿ ಹೋಗ್ತಾರೆ. ತಪಾಸಣೆಯ ಫೀಸು ಕೊಡುವವರು ಠಸ್ಸೆ ಬೇಕಾದ ಸಂಘ ಅಥವಾ ಎಸ್ಟೇಟಿನವರೇ.

ಇದರಿಂದ ಉಪಯೋಗ ಆಯಿತೆ? ಆಯಿತು. ಆಗಲಿಲ್ಲ ಅನ್ನೋದು ಅನ್ಯಾಯ. 1962ರಲ್ಲಿ ಕಾಫಿ ಬೆಳೆಯುವ ಮತ್ತು ಕೊಳ್ಳುವ ಸರ್ಕಾರಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಯಾವ ದೇಶ ಎಷ್ಟು ಮಾರಬೇಕು ಅಂತ ಕೋಟಾ ಇತ್ತು, ಬೆಲೆ ತಕ್ಕಮಟ್ಟಿಗೆ ನಿಂತಿತ್ತು. 1989ರ ಜುಲೈನಲ್ಲಿ ಆ ಕೋಟಾ ಮುರಿದುಬಿತ್ತು, ಬೆಲೆ ಕುಸಿಯಿತು. ನಮ್ಮಲ್ಲೂ ಕಾಫಿ ಬೋರ್ಡಿನ ಪೂಲಿಂಗ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಮುಗಿದುಹೋಯಿತು. 2001ರ ಕೊನೆಗೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿಯಿತು. ಆಗ ಠಸ್ಸೆಯ ಸಂಘಗಳಿಗೆ ಹೆಚ್ಚುವರಿ ಹಣವೂ ಸೇರಿ 1 ಡಾಲರ್ 26 ಸೆಂಟ್. ಎರಡು ಪಟ್ಟಿಗೂ ಹೆಚ್ಚು. ಸಾಲಕ್ಕೆ ಸಿಕ್ಕು ನೇಣಿಗೆ ಕೊರಳು ಒಡ್ಡುತ್ತಿದ್ದ ರೈತನಿಗೆ ಆ ವ್ಯತ್ಯಾಸ ಅಂದರೆ ಜೀವ.

ಆದರೆ ಸರ್ಕಾರಗಳ ಒಪ್ಪಂದ ಇದ್ದಾಗ ಅದು ಎಲ್ಲ ಬೆಳೆಗಾರರ ತಲೆ ಮೇಲಿನ ಸೂರಾಗಿತ್ತು. ಠಸ್ಸೆ ಮಾತ್ರ ಕೆಲವರ ಕೈಯ ಕೊಡೆ. ಆ ಕೊಡೆ ಹಿಡಿದವರೂ ತಮ್ಮ ಬೆಳೆಯ ಒಂದು ಭಾಗವನ್ನಷ್ಟೇ ಆ ಬೆಲೆಗೆ ಮಾರಬಹುದು. ಮಿಕ್ಕದ್ದಕ್ಕೆ ಕೊಳ್ಳುವವರು ಸಿಗದಿದ್ದರೆ ಮಾಮೂಲಿ ಬೆಲೆಯೇ ಗತಿ. 2023ರಲ್ಲಿ ಕನಿಷ್ಠ ಬೆಲೆಯನ್ನು 1 ಡಾಲರ್ 80 ಸೆಂಟಿಗೆ ಏರಿಸಿದರು. 2025ರ ಫೆಬ್ರವರಿಯಲ್ಲಿ ಮಾರುಕಟ್ಟೆಯೇ 4 ಡಾಲರ್ ದಾಟಿ ಹೋಯಿತು. ಬೆಲೆ ಏರಿದಾಗ ಕನಿಷ್ಠ ಬೆಲೆಗೆ ಕೆಲಸವಿಲ್ಲ. ಏರಿದ ಬೆಲೆಯಲ್ಲಿ ಹಣ್ಣು ಕೊಯ್ದವಳ ಕೂಲಿ ಎಷ್ಟು ಏರಿತು ಅಂತ ಲೆಕ್ಕ ಇಡುವ ಕಲಮು ಯಾವ ಮಾರುಕಟ್ಟೆಯಲ್ಲೂ ಇಲ್ಲ.

*

ಇಲ್ಲಿಗೆ ವಿಷಯದ ಗಂಟು ಸಿಕ್ಕಿತು. ಬೆಲೆ ಯಾರಿಗೆ ಹೋಗುತ್ತೆ? ಗಿಡ ಯಾರದೋ ಅವರಿಗೆ. ಗಿಡ ಯಾರದು? ಭೂಮಿ ಯಾರದೋ ಅವರದು. ನಮ್ಮ ದೇಶದಲ್ಲಿ ಭೂಮಿ ಯಾರದು ಅಂತ ಯಾವ ಹಳ್ಳಿಯ ಮಗುವನ್ನು ಕೇಳಿದರೂ ಹೇಳುತ್ತೆ. ನ್ಯಾಯದ ಬೆಲೆ ಭೂಮಿ ಇದ್ದವನ ಅಂಗಳದವರೆಗೆ ಬರುತ್ತೆ. ಅಂಗಳದಿಂದ ಕೇರಿಗೆ ಬರಲು ಅದಕ್ಕೆ ದಾರಿ ಮಾಡಿಲ್ಲ.

ಲಂಡನ್ ವಿಶ್ವವಿದ್ಯಾಲಯದ ಸೋಆಸ್ ಸಂಸ್ಥೆಯ ಕ್ರಿಸ್ಟೋಫರ್ ಕ್ರೇಮರ್ ಮತ್ತು ಸಂಗಡಿಗರು ಇಥಿಯೋಪಿಯಾ, ಉಗಾಂಡಾ ದೇಶಗಳಲ್ಲಿ ಕಾಫಿ, ಟೀ, ಹೂವು ಬೆಳೆಯುವ ಕಡೆ ಹಲವು ವರ್ಷ ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟರು. ಅವರು ಮಾತಾಡಿಸಿದ್ದು ಸಂಘದ ಅಧ್ಯಕ್ಷರನ್ನು ಮಾತ್ರ ಅಲ್ಲ, ಕೂಲಿಗಳನ್ನು. ಠಸ್ಸೆ ಇರುವ ಕಡೆಗಳಲ್ಲಿ ಕೂಲಿಯಾಳಿನ ಸಂಬಳ ಠಸ್ಸೆ ಇಲ್ಲದ ಅಂಥದೇ ಕಡೆಗಳಿಗಿಂತ ಕಡಿಮೆ ಇತ್ತು. ಸಣ್ಣ ರೈತ ಅಂದ ತಕ್ಷಣ ಅವನ ಹೊಲದಲ್ಲಿ ಅವನ ಹೆಂಡತಿ ಮಕ್ಕಳೇ ದುಡಿಯುತ್ತಾರೆ ಅಂತ ಕೊಳ್ಳುವವರು ಚಿತ್ರ ಬರೆದುಕೊಂಡಿದ್ದರು. ನಿಜದಲ್ಲಿ ಅಲ್ಲೂ ಭೂಮಿಯಿಲ್ಲದವರು, ಗಂಡ ಬಿಟ್ಟ ಹೆಂಗಸರು, ವಲಸೆ ಬಂದವರು ಕೂಲಿಗೆ ಬರುತ್ತಿದ್ದರು. ಉಗಾಂಡಾದ ಒಂದು ಟೀ ಸಂಘದಲ್ಲಿ ಹೆಚ್ಚುವರಿ ಹಣದಿಂದ ಕಟ್ಟಿಸಿದ ಹೊಸ ಕಕ್ಕಸುಗಳು ದೊಡ್ಡ ಅಧಿಕಾರಿಗಳ ಉಪಯೋಗಕ್ಕೆ ಮಾತ್ರ ಮೀಸಲಾಗಿದ್ದವು. ಇದನ್ನು ಓದುವಾಗ ನಮಗೆ ಆಫ್ರಿಕಾ ದೂರದ ದೇಶ ಅನ್ನಿಸೋದಿಲ್ಲ. ಫೇರ್‌ಟ್ರೇಡ್ ಸಂಸ್ಥೆ ಈ ಹೋಲಿಕೆಯೇ ಸರಿಯಲ್ಲ ಅಂತ ಆಕ್ಷೇಪಿಸಿತು. ಇರಬಹುದು. ಆದರೆ ಕೂಲಿಯನ್ನು ಕೇಳಬೇಕು ಅನ್ನುವ ಮಾತನ್ನು ಆಕ್ಷೇಪದಿಂದ ಅಳಿಸೋಕಾಗಲ್ಲ.

ಇನ್ನು ನಮ್ಮ ದೇಶದ ಟೀ. ಶೆಫೀಲ್ಡ್ ವಿಶ್ವವಿದ್ಯಾಲಯದ ಜೆನೆವೀವ್ ಲೆಬಾರನ್ 2018ರಲ್ಲಿ ಅಸ್ಸಾಂ, ಕೇರಳದ ಟೀ ತೋಟಗಳ ಕಾರ್ಮಿಕರನ್ನು ಮಾತಾಡಿಸಿ ವರದಿ ಪ್ರಕಟಿಸಿದಳು. ಬೇರೆ ಬೇರೆ ಹೆಸರಿನ ನೀತಿಯ ಠಸ್ಸೆಗಳು ಬಿದ್ದ ತೋಟಗಳಲ್ಲೂ ಸಂಬಳ, ನೀರು, ಮನೆ, ಸಾಲದ ಸ್ಥಿತಿ ಠಸ್ಸೆಯಿಲ್ಲದ ತೋಟಗಳಿಗಿಂತ ಉತ್ತಮವಾಗಿ ಇರಲಿಲ್ಲ. ಅತಿ ಕೆಟ್ಟ ಕೆಲವು ಪ್ರಸಂಗಗಳು ಠಸ್ಸೆ ಇದ್ದ ತೋಟಗಳಲ್ಲೇ ಕಂಡವು. ತಪಾಸಣೆಯವರು ಬರುವ ದಿನ ನಿಯಮದ ಪ್ರಕಾರ ಕೆಲಸ, ಮಾರನೆಯ ದಿನ ಮತ್ತೆ ಹಳೇ ರೀತಿ. ಇನ್‌ಸ್ಪೆಕ್ಟರ್ ಬರುವ ದಿನ ಹೇಗಿರುತ್ತೆ ಅಂತ ಹಳ್ಳಿ ಶಾಲೆ ಮೇಷ್ಟ್ರುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಮತ್ತೆ ವಯನಾಡಿಗೆ ಬನ್ನಿ. 2000ದ ಆಸುಪಾಸಿನಲ್ಲಿ ಮೆಣಸು, ಕಾಫಿ ಬೆಲೆ ಬಿದ್ದು ಅಲ್ಲಿನ ಸಣ್ಣ ರೈತರು ಆತ್ಮಹತ್ಯೆ ಮಾಡಿಕೊಂಡರು. ಆ ದಶಕದ ಮಧ್ಯದಲ್ಲಿ ವಯನಾಡು, ಕಣ್ಣೂರು, ಕಾಸರಗೋಡು ಕಡೆಯ ಸಾವಿರಾರು ಸಣ್ಣ ರೈತರು ‘ಫೇರ್ ಟ್ರೇಡ್ ಅಲಯನ್ಸ್ ಕೇರಳ’ ಅಂತ ಒಕ್ಕೂಟ ಕಟ್ಟಿ ಗೋಡಂಬಿ, ಕಾಫಿ, ಮೆಣಸನ್ನು ನೇರವಾಗಿ ಹೊರದೇಶಕ್ಕೆ ಕಳಿಸತೊಡಗಿದರು. ದಲ್ಲಾಳಿಯ ಹಿಡಿತ ಸಡಿಲಾಯಿತು. ಒಳ್ಳೆಯ ಕೆಲಸ. ಅದೇ ವಯನಾಡಿನ ಮುತ್ತಂಗದಲ್ಲಿ, 2003ರ ಫೆಬ್ರವರಿ 19ರಂದು, ಸಿ.ಕೆ. ಜಾನು ಮುಂದಾಳತ್ವದಲ್ಲಿ ಭೂಮಿ ಕೇಳಿ ಕಾಡಿನಲ್ಲಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಬ್ಬ ಆದಿವಾಸಿ, ಒಬ್ಬ ಪೊಲೀಸ್ ಸತ್ತರು. ಭೂಮಿ ಇದ್ದ ಬಡವನಿಗೆ ಠಸ್ಸೆಯ ದಾರಿ ಇತ್ತು. ಭೂಮಿ ಇಲ್ಲದ ಬಡವನಿಗೆ ಅದೂ ಇರಲಿಲ್ಲ.

ಕೊಡಗಿನಲ್ಲೂ ಇದೇ ಕಥೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಜೇನುಕುರುಬ, ಬೆಟ್ಟಕುರುಬ, ಪಣಿಯ, ಎರವ ಜನರ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಿದರು. ಅವರಲ್ಲಿ ಅನೇಕರು ಕಾಫಿ ತೋಟಗಳ ಲೈನ್‌ಮನೆಗಳಿಂದ ಬಂದವರು. ಲೈನ್‌ಮನೆ ಧಣಿಯದು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ನಮ್ಮ ರಾಜ್ಯದಲ್ಲಿ 1974ರಲ್ಲಿ ಉಳುವವನೇ ಒಡೆಯ ಅಂತ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ಅನೇಕ ಗೇಣಿದಾರರು ಒಡೆಯರಾದರು. ಕಾಫಿ, ಟೀ, ಏಲಕ್ಕಿ, ರಬ್ಬರ್ ತೋಟಗಳನ್ನು ಮಾತ್ರ ಆ ಕಾಯ್ದೆಯ ಮುಖ್ಯ ಕಲಮುಗಳಿಂದ ಹೊರಗಿಟ್ಟರು. ಗೇಣಿಯ ಚೀಟಿಯೂ ಇಲ್ಲದ ತೋಟದ ಆಳಿನ ಹೆಸರು ಯಾವ ಪಹಣಿಯಲ್ಲಿ ಬರಬೇಕು? 1947ರಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಗಾಗಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯಲ್ಲಿ ಕೃಷಿ ಸರ್ಕಾರದ ಉದ್ದಿಮೆಯಾಗಬೇಕು, ಜಮೀನ್ದಾರ, ಗೇಣಿದಾರ, ಭೂಹೀನ ಕೂಲಿ ಅನ್ನೋ ಭೇದವೇ ಇರಬಾರದು ಅಂತ ಕೇಳಿದ್ದರು. ಅವರ ದೃಷ್ಟಿ ಬೆಲೆಯ ಹಿಂದಿದ್ದ ಒಡೆತನದ ಮೇಲಿತ್ತು.

ಜಾತಿಯ ಪ್ರಶ್ನೆ ಹೊಲದಲ್ಲಿ ನಿಲ್ಲೋದಿಲ್ಲ, ಲೋಟದವರೆಗೂ ಬರುತ್ತೆ. ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ಹೊಲೆಮಾದಿಗರಿಗೆ ಬೇರೆ ಲೋಟ ಇಟ್ಟ ಚರಿತ್ರೆ ಹಳೆಯದಾಗಿ ಮುಗಿದುಹೋದದ್ದಲ್ಲ. ಬೀಜ ಎಷ್ಟೇ ನ್ಯಾಯವಾದ ಬೆಲೆಗೆ ಬಂದಿರಲಿ, ಅದನ್ನು ಕೊಯ್ದ ಕೈಗೆ ಆ ಕಾಫಿಯನ್ನು ಯಾವ ಲೋಟದಲ್ಲಿ ಕೊಡ್ತಾರೆ ಅಂತ ನೋಡುವ ತಪಾಸಣೆಯವನನ್ನು ಯಾರೂ ನೇಮಿಸಿಲ್ಲ.

*

ಹಾಗಾದರೆ ಕೂಲಿಯ ಕೈಯೇ ನಿಯಮ ಬರೆದದ್ದು ಎಲ್ಲೂ ಇಲ್ಲವೆ? ಇದೆ.

2015ರ ಸೆಪ್ಟೆಂಬರ್. ಮುನ್ನಾರಿನ ಕಣ್ಣನ್ ದೇವನ್ ಟೀ ತೋಟಗಳ ಹೆಂಗಸರು ರಸ್ತೆಗೆ ಇಳಿದರು. ಹೆಚ್ಚಿನವರು ತಮಿಳರು, ತಲೆಮಾರುಗಳ ಹಿಂದೆ ತಮಿಳುನಾಡಿನಿಂದ ತಂದ ದಲಿತ ಕೂಲಿಗಳ ಮಕ್ಕಳು ಮೊಮ್ಮಕ್ಕಳು. ಕಾಗದದ ಮೇಲೆ ಕಾರ್ಮಿಕರೂ ಆ ಕಂಪನಿಯ ಷೇರುದಾರರು. ದಿನಗೂಲಿ ಮಾತ್ರ 232 ರೂಪಾಯಿ. ಬೋನಸ್ ಕಡಿತ ಮಾಡಿದಾಗ ಹೆಂಗಸರು ತಮ್ಮ ಯೂನಿಯನ್ ನಾಯಕರನ್ನೂ ಹತ್ತಿರ ಸೇರಿಸಲಿಲ್ಲ. ಚಿಗುರು ಕೀಳುವವರು ನಾವು, ಮಾತಾಡುವವರೂ ನಾವೇ ಅಂತ ಕೂತರು. ಒಂಬತ್ತು ದಿನಕ್ಕೆ ಎಲ್ಲ ಸೇರಿ 20 ಪರ್ಸೆಂಟ್ ಬೋನಸ್ ಕೈಗೆ ಬಂತು. ‘ಪೆಂಪಿಳೈ ಒರುಮೈ’, ಅಂದರೆ ಹೆಂಗಸರ ಒಗ್ಗಟ್ಟು, ಅಂತ ಹೆಸರಾಯಿತು. ಅವರು ಕೇಳಿದ್ದು 500 ರೂಪಾಯಿ ಕೂಲಿ. ಅಕ್ಟೋಬರ್‌ನಲ್ಲಿ ಸಿಕ್ಕಿದ್ದು 301. ಪೂರ್ತಿ ಗೆಲುವಲ್ಲ. ಆದರೆ 69 ರೂಪಾಯಿ ಏರಿದ್ದು ಕೇರಳದ ಟೀ ಕಾರ್ಮಿಕರಿಗೆಲ್ಲ. ಅದನ್ನು ಕೊಟ್ಟದ್ದು ಠಸ್ಸೆಯಲ್ಲ, ರಸ್ತೆ.

ಎರಡನೆಯದು ಅಮೆರಿಕದ ಫ್ಲಾರಿಡಾದಲ್ಲಿ. ಇಮ್ಮೊಕಲಿ ಅನ್ನೋ ಊರಿನ ಟೊಮೆಟೊ ಕೂಲಿಗಳು ಮೆಕ್ಸಿಕೋ, ಗ್ವಾಟೆಮಾಲಾ, ಹೈಟಿಯಿಂದ ವಲಸೆ ಬಂದವರು. ಹೊಡೆತ, ಹೆಂಗಸರ ಮೇಲೆ ದೌರ್ಜನ್ಯ, ಕೂಡಿಹಾಕಿ ದುಡಿಸುವುದು ಎಲ್ಲ ಇತ್ತು. 1993ರಿಂದ ಅವರು ಸಂಘಟನೆ ಕಟ್ಟಿದರು. ಹೊಲದ ಮಾಲೀಕನ ಮೇಲೆ ಎಷ್ಟು ಜಗ್ಗಿದರೂ ಬೆಲೆ ಒತ್ತಿ ಹಿಡಿದವರು ದೊಡ್ಡ ಹೋಟೆಲ್ ಕಂಪನಿಗಳು ಅಂತ ಕಂಡುಕೊಂಡರು. 2001ರಲ್ಲಿ ಟ್ಯಾಕೋ ಬೆಲ್ ತಿಂಡಿಯನ್ನು ಬಹಿಷ್ಕರಿಸಿ ಅಂತ ಕರೆ ಕೊಟ್ಟರು. ವಿದ್ಯಾರ್ಥಿಗಳು ಜೊತೆಗೆ ಬಂದರು. 2005ರಲ್ಲಿ ಕಂಪನಿ ಮಣಿಯಿತು: ಪೌಂಡು ಟೊಮೆಟೊಗೆ ಒಂದು ಸೆಂಟು ಹೆಚ್ಚು, ಅದು ಕೂಲಿಗೆ ಹೋಗಬೇಕು. 2011ರಿಂದ ‘ಫೇರ್ ಫುಡ್’ ಕಾರ್ಯಕ್ರಮ ನಡೆಯುತ್ತಿದೆ. ನಿಯಮ ಬರೆದವರು ಕೂಲಿಗಳೇ. ಹೊಲದಲ್ಲಿ ನಿಂತು, ಕೆಲಸದ ವೇಳೆಯಲ್ಲೇ, ಕೂಲಿಯೇ ಕೂಲಿಗೆ ಹಕ್ಕು ಹೇಳಿಕೊಡ್ತಾನೆ. ಹಗಲು ರಾತ್ರಿ ದೂರು ಹೇಳಲು ಫೋನ್ ಇದೆ. ನಿಯಮ ಮುರಿದ ಹೊಲದ ಟೊಮೆಟೊವನ್ನು ಕಂಪನಿಗಳು ಕೊಳ್ಳುವ ಹಾಗಿಲ್ಲ, ಅದು ಕಾನೂನಿನ ಕರಾರು. ಇದಕ್ಕೂ ಒಂದು ಠಸ್ಸೆ ಇದೆ. ಆದರೆ ಇಲ್ಲಿ ಬಹಿಷ್ಕಾರ ಮೊದಲು, ಕರಾರು ಆಮೇಲೆ, ಠಸ್ಸೆ ಕೊನೆಗೆ.

*

ಠಸ್ಸೆಯನ್ನು ಹೇಗೆ ತೂಗಬೇಕು? ಠಸ್ಸೆಯೆಲ್ಲ ಮೋಸ ಅಂತ ಬಿಸಾಕಿ ಅಗ್ಗದ ಮಾಲು ಕೊಳ್ಳೋದು ಕ್ರಾಂತಿಯಲ್ಲ. ಅಗ್ಗದ ಬೆಲೆಯಲ್ಲೂ ಯಾರದೋ ಹಸಿವು ಇರುತ್ತೆ. ಸಣ್ಣ ಬೆಳೆಗಾರರ ಸಂಘದ ಕಾಫಿಗೋ ಮೆಣಸಿಗೋ ಸ್ವಲ್ಪ ಹೆಚ್ಚು ಕೊಡುವ ಶಕ್ತಿ ಇದ್ದವರು ಕೊಡಲಿ, ಆ ಹಣ ದಲ್ಲಾಳಿಯ ಕತ್ತರಿಯಿಂದ ಒಂದಿಷ್ಟು ತಪ್ಪಿಸಿಕೊಂಡು ಹೋಗುತ್ತೆ. ಎಸ್ಟೇಟಿನ ಟೀ ಮೇಲೆ ಠಸ್ಸೆ ಕಂಡರೆ ಅನುಮಾನ ಇಟ್ಟುಕೊಂಡೇ ನೋಡಬೇಕು. ಎರಡೂ ಕಡೆ ಕೇಳಬೇಕಾದ ಪ್ರಶ್ನೆಗಳು ಇವು: ಕೂಲಿ ಎಷ್ಟು, ಅದು ಯಾರ ಕೈಗೆ ಬೀಳುತ್ತೆ? ಮುಂಗಡದ ಬಾಕಿ ಎಷ್ಟಿದೆ, ಆ ಲೆಕ್ಕದ ಪುಸ್ತಕ ಯಾರ ಬಳಿ ಇದೆ? ಕೂಲಿಗಳಿಗೆ ಸ್ವಂತ ಸಂಘ ಉಂಟೆ? ತಪಾಸಣೆಯವನು ಅವರ ಭಾಷೆಯಲ್ಲಿ, ಧಣಿ ಇಲ್ಲದ ಕಡೆ, ಮಾತಾಡಿದನೆ? ಹೆಚ್ಚುವರಿ ಹಣದಲ್ಲಿ ಕಟ್ಟಿದ ಕಕ್ಕಸಿನ ಬೀಗದ ಕೈ ಯಾರ ಹತ್ತಿರ ಇದೆ?

ಇವುಗಳನ್ನು ಕೇಳಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಮಲೆನಾಡಿನ, ಕೊಡಗಿನ ಶಾಲೆಗಳಲ್ಲಿ ಲೈನ್‌ಮನೆ ಮಕ್ಕಳು ಕಾಫಿ ಕೊಯ್ಲು ಬಂದಾಗ ತರಗತಿಯಿಂದ ಕಾಣೆಯಾದರೆ ಹಾಜರಿ ಪುಸ್ತಕದಲ್ಲಿ ಅದು ದಾಖಲಾಗುತ್ತೆ. ಆ ಪುಸ್ತಕ ಮೇಷ್ಟ್ರ ಕೈಲಿದೆ. ಯಾವ ತೋಟದ ಮಗು, ಯಾವ ತಿಂಗಳು, ಎಷ್ಟು ದಿನ ಅಂತ ಬರೆದಿಡಲಿ. ತೋಟದ ಗೇಟಿನ ಬೋರ್ಡಿನ ಮೇಲೆ ಯಾವ ಠಸ್ಸೆ ಇದೆ ಅಂತಲೂ ಪಕ್ಕದಲ್ಲಿ ಬರೆದಿಡಲಿ. ವಿದ್ಯಾರ್ಥಿ ಗೆಳೆಯರು ಲೈನ್‌ಮನೆಗೆ ಹೋಗಿ ಕೂಲಿಯ ಲೆಕ್ಕವನ್ನು ಕೂಲಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಇನ್ನೂರು ವರ್ಷದ ಹಿಂದೆ ನಮ್ಮ ದೇಶದ ಸಕ್ಕರೆಯ ಬಗ್ಗೆ ಬಟ್ಟಲಿನ ಮೇಲೆ ಬರೆದವರು ನಮ್ಮನ್ನು ಕೇಳಲಿಲ್ಲ. ಈ ಸಲದ ಬರವಣಿಗೆಯನ್ನು ಕೇಳಿಸಿಕೊಂಡು, ಊರ ಹೆಸರು, ದಿನಾಂಕ, ರೂಪಾಯಿ ಸಮೇತ ಬರೆಯೋಣ.